ಇಬ್ಬರು ಗಂಡಸರು, ಒಂದು ಕಾರ್ಖಾನೆ

ನಾನು ಒಂದು ಸ್ಟೆನ್ ಗನ್, ಕುದುರೆ ಒತ್ತಿದರೆ ನಿಲ್ಲದೆ ಗುಂಡು ಉಗುಳುವ ಕೋವಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದೆ. ಅವಸರದಲ್ಲಿ ಕತ್ತರಿಸಿದ ಕೊಳವೆ, ಒರಟು ಬೆಸುಗೆ. ನೋಡಿದವರು ಸೈಕಲ್ ಪಂಪು ಎಂದು ನಗುತ್ತಿದ್ದರು. ಆ ನಗು ನನ್ನನ್ನು ನೋಯಿಸಲಿಲ್ಲ. ನನ್ನ ಮೇಲೆ ನನಗೇ ಅಸಹ್ಯ ಶುರುವಾದದ್ದು ಬರ್ಮಾದಲ್ಲಿ. ಹೊಳೆಯಲ್ಲಿ ಅಂಗಿ ಹಿಂಡುತ್ತಿದ್ದ ಒಬ್ಬನ ಮೇಲೆ ನನ್ನನ್ನು ಹಾರಿಸಿದರು. ಅಂಗಿ ತೇಲಿಹೋಯಿತು. ನನ್ನನ್ನು ಹಿಡಿದಿದ್ದ ಸಿಪಾಯಿ ವಾಂತಿ ಮಾಡಿಕೊಂಡು, ಬಾಯಿ ಒರೆಸಿದ ಬಟ್ಟೆಯಲ್ಲೇ ನನ್ನನ್ನೂ ಒರೆಸಿದ. ಎಷ್ಟು ಎಣ್ಣೆ ಹಚ್ಚಿದರೂ ಆ ಹುಳಿ ವಾಸನೆ ನನ್ನನ್ನು ಬಿಡಲಿಲ್ಲ.

ಯುದ್ಧ ಮುಗಿದ ಮೇಲೆ ಕೈಯಿಂದ ಕೈಗೆ ದಾಟಿ ತುಮಕೂರಿನ ಪೊಲೀಸ್ ಲೈನಿಗೆ ಬಂದೆ. ಕಾನ್‌ಸ್ಟೇಬಲ್ ಚಿಕ್ಕವೀರಯ್ಯ ದಿನವೂ ನನ್ನನ್ನು ತಿಕ್ಕಿ ಹೊಳೆಯಿಸುತ್ತಿದ್ದ. ಅವನಿಗೊಂದು ಗಂಡುಮಗು ಹುಟ್ಟಿತು. ಅದು ಅತ್ತರೆ ಲೈನಿಗೆಲ್ಲ ಕೇಳಿಸುತ್ತಿತ್ತು.

"ಬಾಯಿ ಬಿಟ್ರೆ ನಿಲ್ಸೋದೇ ಇಲ್ವಲ್ಲೋ! ಇವ್ನೇ ಕಣಯ್ಯಾ ನಮ್ ಸ್ಟೆನ್ನು," ಎಂದ ದಫೇದಾರ್ ರಾಚಯ್ಯ.

ಅಪ್ಪ ಉಬ್ಬಿಹೋದ. ನಾಮಕರಣಕ್ಕೂ ಅದೇ ಹೆಸರು ಎಂದು ಹಟ ಹಿಡಿದ.

ಆಯುಧಪೂಜೆಯ ದಿನ ನನಗೆ ಕುಂಕುಮ ಬಳಿದು, ಚೆಂಡುಹೂ ಸುತ್ತಿ ಮೇಜಿನ ಮೇಲಿಟ್ಟರು. ಅಪ್ಪ ಮಗುವನ್ನು ತಂದು ಪಕ್ಕದಲ್ಲಿ ಮಲಗಿಸಿದ. ಅದು ನನ್ನ ನಳಿಗೆಗೆ ಬಾಯಿ ಹಾಕಿ ಚೀಪತೊಡಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ನನ್ನ ಮೈಯೇ ಹೇಸಿಗೆಯಾಯಿತು.

ತಾಯಿ ಹೊಂಬಮ್ಮ ಮಗುವನ್ನು ಬಾಚಿಕೊಂಡು ಸೆರಗಿನಿಂದ ಅದರ ತುಟಿ ಒರೆಸಿದಳು.

"ದಫೇದಾರಣ್ಣ, ಸ್ಟೆನ್ ಅಂದ್ರೇನು? ಮಗಂಗಿಡೋ ಹೆಸ್ರು, ಅರ್ಥ ಗೊತ್ತಿರ್ಬೇಡ್ವಾ?"

ರಾಚಯ್ಯ ತರಬೇತಿಯ ಪಾಠ ಒಪ್ಪಿಸಿದ. "ಇದನ್ನ ಮಾಡ್ದೋರು ಶೆಫರ್ಡ್ ಅಂತ ಒಬ್ಬ, ಟರ್ಪಿನ್ ಅಂತ ಒಬ್ಬ. ಅವ್ರಿಬ್ರ ಹೆಸ್ರಿಂದು ಒಂದೊಂದು ಇಂಗ್ಲಿಷ್ ಅಕ್ಷರ. ಎನ್‌ಫೀಲ್ಡ್ ಅನ್ನೋ ಕಾರ್ಖಾನೇದು ಎರಡು. ಕೂಡ್ಸಿದ್ರೆ ಸ್ಟೆನ್."

"ಇಬ್ರು ಗಂಡಸ್ರು, ಒಂದು ಕಾರ್ಖಾನೆ. ಹೆತ್ತೋಳು ಯಾರೂ ಇಲ್ವಾ?"

"ಕೋವಿಗೆಲ್ಲಿ ತಾಯಿ ಬರ್ತಾಳಮ್ಮಾ?"

"ನನ್ ಮಗಂಗೆ ನಾನಿದೀನಲ್ಲ."

ಚಿಕ್ಕವೀರಯ್ಯ ಏನೋ ಹೇಳಹೋದ. "ನೀವ್ ಸುಮ್ನಿರಿ," ಎಂದಳು. "ಅವ್ನು ಬಾಯಿಟ್ಟಿದ್ದು ಎಲ್ಲಿ ಅಂತ ಒಂದ್ಸಲ ನೋಡಿ."

ಅವನು ನೋಡಿದ. ನನ್ನ ನಳಿಗೆಯ ತುದಿಯಲ್ಲಿ ಕುಂಕುಮ ಕಲಸಿದ ಜೊಲ್ಲು ಕೆಂಪಗೆ ಇಳಿಯುತ್ತಿತ್ತು. ಒರೆಸಲು ತೆಗೆದ ಬಟ್ಟೆಯನ್ನು ಮಡಿಸಿ ಮತ್ತೆ ಜೇಬಿಗಿಟ್ಟುಕೊಂಡ. ಆಮೇಲೆ ಆ ಹೆಸರಿನ ಮಾತನ್ನು ಅವನು ಎತ್ತಲಿಲ್ಲ.

ನಾಮಕರಣದ ದಿನ ಹೊಂಬಮ್ಮ ಮಗನ ಕಿವಿಯಲ್ಲಿ ತಾನೇ ಹೆಸರು ಹೇಳಿದಳಂತೆ. ಬೀಗ ಹಾಕಿದ ಶಸ್ತ್ರಾಗಾರದಲ್ಲಿದ್ದ ನನಗೆ ಅದು ಹೇಗೆ ಕೇಳಿಸೀತು?

ಈಗ ಶಸ್ತ್ರಾಗಾರದ ಹಿಂದಿನ ಕೋಣೆಯ ಗುಜರಿಯಲ್ಲಿ ಬಿದ್ದಿದ್ದೇನೆ. ಬೆಸುಗೆಯ ಸಂದಿನಲ್ಲಿ ಹಳೆಯ ಕುಂಕುಮ ಕಪ್ಪಾಗಿ ಅಂಟಿಕೊಂಡಿದೆ. ಕುಲುಮೆಗೆ ಹೋಗುವ ದಿನ ಬೇಗ ಬರಲಿ. ನನ್ನ ಹೆಸರೂ ನನ್ನೊಂದಿಗೆ ಕರಗಲಿ. ಸಂಜೆ ಹೊಂಬಮ್ಮ ಆಟಕ್ಕೆ ಹೋದ ಮಗನನ್ನು ಊಟಕ್ಕೆ ಕೂಗುತ್ತಾಳೆ. ಇಷ್ಟು ದೂರಕ್ಕೆ ಹೆಸರು ಸ್ಪಷ್ಟವಾಗಿ ಕೇಳಿಸುವುದಿಲ್ಲ. ನನ್ನ ಹೆಸರಂತೂ ಅಲ್ಲ, ಅಷ್ಟು ಸಾಕು.