ಎದೆಯ ಮೇಲಿನ ಪೆಟ್ಟಿಗೆ

ಕುಕ್ಕರ್ ಕೂಗಿತು, ಅವಳು ತಲೆ ಎತ್ತಿದಳೋ ಇಲ್ಲವೋ ನೋಡಲಾಗಲಿಲ್ಲ, ಕೈಯಲ್ಲಿ ಹುರುಳಿಕಾಯಿ, ನಾರು ಉಗುರಿಗೆ ಸಿಕ್ಕಿಕೊಂಡಿದೆ, ಇನ್ನೊಂದು ಸಲ ಕೂಗಲಿ, ಆಗ ನೋಡುತ್ತೇನೆ — ಎತ್ತಿದಳು, ಹೌದು, ಹಾಲ್‌ನಲ್ಲಿ ಚಾಪೆಯ ಮೇಲೆ ಕೂತು ಚಿತ್ರಕ್ಕೆ ಬಣ್ಣ ತುಂಬುತ್ತಿದ್ದವಳು ಅಡುಗೆಮನೆಯ ಕಡೆ ನೋಡಿ ಮತ್ತೆ ಬಗ್ಗಿದಳು ನನ್ನ ಶಾಮಲಾ, ಅಂದರೆ ಎದೆಯ ಮೇಲಿನ ಕಿವಿ ಮಿಷನ್ನಿನ ಪೆಟ್ಟಿಗೆ ಕೆಲಸ ಮಾಡುತ್ತಿದೆ, ಕುಕ್ಕರ್ ಕೇಳಿಸುತ್ತದೆ, ಬಾಗಿಲು ಬಡಿದರೆ ಕೇಳಿಸುತ್ತದೆ, ಗೋರೆಗಾಂವ್ ಸ್ಟೇಷನ್ನಿನಲ್ಲಿ ಫಾಸ್ಟ್ ಲೋಕಲ್ ನಿಲ್ಲದೆ ಹೋದರೆ ಕೇಳಿಸುತ್ತದೆ, ಇನ್ನೇನು ಬೇಕು ಎಂಟು ವರ್ಷದ ಹುಡುಗಿಗೆ ಅಂತ ಇವರು ಕೇಳಿದ್ದು ಬೆಳಿಗ್ಗೆ ಷೂ ಲೇಸು ಕಟ್ಟುತ್ತಾ, ತಂದು ಎರಡು ಮಳೆಗಾಲ ಕಳೆದಿಲ್ಲ, ಒಂದು ಗೀರು ಬಿದ್ದಿಲ್ಲ, ಚೆನ್ನಾಗಿರೋದನ್ನ ಯಾರಾದ್ರೂ ಬದಲಾಯಿಸ್ತಾರಾ, ಈ ವರ್ಷ ಡೆನ್ಮಾರ್ಕಿಂದ ಒಂದು ಬಂತು, ಮುಂದಿನ ವರ್ಷ ಜಪಾನಿಂದ ಅದರಪ್ಪ ಬರತ್ತೆ, ಆಗ ಅದೂ ಬೇಕು ಅಂತೀಯ, ಅಂದು, ನಾನು ಊಟದ ಡಬ್ಬಿ ಕೈಗೆ ಕೊಡದೆ ಹಿಡಿದುಕೊಂಡೇ ಇದ್ದುದಕ್ಕೆ, ಸರಿ, ನಿನ್ನ ಮಗಳು, ನೀನೇ ಹೇಳು, ನಾಲ್ಕು ಗಂಟೆಗೆ ಕೆಳಗೆ ನಾಗವ್ವನ ಮನೆಗೆ ಫೋನ್ ಮಾಡ್ತೀನಿ, ಬೇಕು ಅಂದ್ರೆ ಹೊಸದನ್ನ ದಾಮ್ಲೆ ಅಂಗಡಿಯಿಂದ ತರ್ತೀನಿ, ಬೇಡ ಅಂದ್ರೆ ಅವನು ಬೇರೆಯವರಿಗೆ ಕೊಡ್ತಾನೆ, ಇರೋದು ಒಂದೇ ಪೀಸು. ನಿನ್ನ ಮಗಳು. ಜ್ವರ ಬಂದು ಕಿವಿ ಹೋದಾಗಿನಿಂದ ನನ್ನ ಮಗಳು, ಅದಕ್ಕೂ ಮೊದಲು, ಎರಡು ತುಂಬದ ಕೂಸು ಅಪ್ಪನ ಹೆಗಲೇರಿ ಕಾಗೆ ಬಂತು ಕಾಗೆ ಅನ್ನುತ್ತಿದ್ದಾಗ, ಕೇಶವಮೂರ್ತಿಗಳ ಮಗಳಾಗಿದ್ದಳು, ಮಾತಾಡಿಸಿ ನೋಡಿ ಅಂತ ಬಿಲ್ಡಿಂಗಿಗೆಲ್ಲ ತೋರಿಸಿಕೊಂಡು ಬರುತ್ತಿದ್ದರು.

ಬೇಕು ಅನ್ನಬಹುದು, ಒಂದೇ ಮಾತು, ನಾಲಿಗೆಯ ತುದಿಯಲ್ಲೇ ಇದೆ. ಈ ಪೆಟ್ಟಿಗೆಯಿಂದ ಅವಳು ಪಟ್ಟದ್ದು ಸಾಕು, ಸೋಪಿನ ಡಬ್ಬಿಯಷ್ಟು ದಪ್ಪ, ನನ್ನ ಹಳೆಯ ರವಿಕೆ ಬಟ್ಟೆಯಲ್ಲಿ ಚೀಲ ಹೊಲಿದು ಕೊರಳಿಗೆ ಹಾಕಿದ್ದೇನೆ, ಅಲ್ಲಿಂದ ಕಿವಿಗೆ ತಂತಿ, ಆ ತಂತಿ ಲೋಕಲ್‌ನಲ್ಲಿ ಯಾರದೋ ಬಳೆಗೆ ಸಿಕ್ಕಿ ಕಿವಿಯೇ ಕಿತ್ತು ಬಂದ ಹಾಗೆ ಚೀರಿದ್ದಳು, ಮಕ್ಕಳು ಏ ರೇಡಿಯೋ, ಗಾನಾ ಬಜಾ ಅಂತ ಮೆಟ್ಟಿಲ ಮೇಲೆ ಅಡ್ಡ ನಿಲ್ಲುತ್ತಾರೆ, ಒಬ್ಬಳು ಪೆಟ್ಟಿಗೆಗೇ ಬಾಯಿಟ್ಟು ಕಿರುಚಿದಳು, ಇವಳು ಕಿವಿ ಒತ್ತಿ ಹಿಡಿದು ಗೋಡೆಗೆ ಮುಖ ಮಾಡಿ ಕೂತಳು, ಉಳಿದವರು ಚಪ್ಪಾಳೆ ಹೊಡೆದರು, ಆ ಚಪ್ಪಾಳೆ ಹೊಡೆದವರ ತಾಯಂದಿರು ಬಾಗಿಲಲ್ಲಿ ನಿಂತು ನಕ್ಕರು, ಬಚ್ಚೇ ಹೈ ಭಾಭಿ, ಮಕ್ಕಳಲ್ವಾ. ಮಳೆಗಾಲದಲ್ಲಿ ಒಳಗೆ ತೇವ ಹಿಡಿಯುತ್ತದೆಂದು ರಾತ್ರಿ ಅಕ್ಕಿಡಬ್ಬಿಯಲ್ಲಿ ಹೂತಿಡುತ್ತೇನೆ, ಬೆಳಿಗ್ಗೆ ಅಕ್ಕಿ ಕೊಡವಿ ಕೊರಳಿಗೆ ಹಾಕಿದರೆ ಪೆಟ್ಟಿಗೆಯ ನೆತ್ತಿಯ ಮೇಲಿನ ಪುಟ್ಟ ಚಕ್ರವನ್ನು ಹೆಬ್ಬೆರಳಿನಿಂದ ತಿರುಗಿಸಿ ನನ್ನ ಮುಖ ನೋಡುತ್ತಾಳೆ, ಬೋಲೋ ಮಮ್ಮೀ ಅನ್ನುವ ಹಾಗೆ. ಸೆಲ್ ಬೇಗ ಮುಗಿದುಹೋಗುತ್ತದೆ ಅಂತ ನಾನೇ ಕೈ ಹಿಡಿದು ಕಲಿಸಿದ್ದು, ನಿನ್ನ ಜೊತೆ ಮಾತಾಡುವಾಗ ಏರಿಸು, ನಮ್ಮ ನಮ್ಮಲ್ಲೇ ಮಾತಾಡುವಾಗ ಇಳಿಸು. ಜಾಣೆ, ಎರಡನೆಯ ಸಲ ಹೇಳಿಸಿಕೊಂಡಿಲ್ಲ, ಹೆಬ್ಬೆರಳು ತಾನಾಗಿಯೇ ಹೋಗುತ್ತದೆ.

ಮೊನ್ನೆ ದಾದರಿನಲ್ಲಿ ದಾಮ್ಲೆ ಅವಳ ಕೊರಳಿನ ಚೀಲ ಬಿಚ್ಚಿಸಿ ಟೇಬಲ್ಲಿನ ಮೇಲಿಟ್ಟ, ಹೊಸದನ್ನು ಕಿವಿಯ ಹಿಂದೆ ಸಿಕ್ಕಿಸಿದ, ಗೋಡಂಬಿಯಷ್ಟೇ ಇದೆ, ಕೂದಲು ಇಳಿಬಿಟ್ಟರೆ ದೇವರಿಗೂ ಗೊತ್ತಾಗುವುದಿಲ್ಲ. ಅವಳು ಮೊದಲು ಮೇಲೆ ನೋಡಿದಳು, ಫ್ಯಾನು, ಆಮೇಲೆ ಬಾಗಿಲ ಕಡೆ, ಯಾರೋ ಚಪ್ಪಲಿ ಎಳೆಯುತ್ತಾ ಹೋಗುತ್ತಿದ್ದರು, ಆಮೇಲೆ ಕುರ್ಚಿಯಿಂದ ಇಳಿದು ಬಂದು ನನ್ನ ಕೈ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದಳು, ಗಾಜಿನ ಬಳೆ, ಇನ್ನೊಮ್ಮೆ, ಮತ್ತೊಮ್ಮೆ, ನಕ್ಕಳು, ಆ ನಗುವನ್ನು ನಾನು ಎಲ್ಲಿಟ್ಟುಕೊಳ್ಳಲಿ. ದಾಮ್ಲೆ ಕಾಗದ ಅಡ್ಡ ಹಿಡಿದು ತುಟಿ ಮುಚ್ಚಿಕೊಂಡು ಪಾನಿ, ಬಿಲ್ಲಿ, ದರ್ವಾಜಾ ಅಂದ, ಅವಳು ಎಲ್ಲವನ್ನೂ ಹೇಳಿದಳು, ಮೆಲ್ಲಗೆ ಹೇಳಿದ್ದೂ ಸಿಗುತ್ತದೆ ವಹಿನಿ, ಪಕ್ಕದ ಕೋಣೆಯಲ್ಲಿ ಆಡಿದ್ದೂ ಸಿಗುತ್ತದೆ, ಇನ್ನು ಇವಳಿಂದ ಏನನ್ನೂ ಮುಚ್ಚಿಡುವ ಹಾಗಿಲ್ಲ, ಅಂತ ತಮಾಷೆ ಮಾಡಿದ. ಇನ್ನೊಂದು ಲಾಭ ನೋಡಿ, ಇದರ ಚಕ್ರದ ಮೇಲೆ ಮುಚ್ಚಳ ಇದೆ, ಪುಟ್ಟ ತಿರುಪು, ಅದನ್ನು ದೊಡ್ಡವರೇ ತೆಗೆಯಬೇಕು, ಮಕ್ಕಳು ಕಳ್ಳರು, ಬೇಕೆಂದಾಗ ಬಂದ್ ಮಾಡಿಕೊಳ್ಳುತ್ತಾರೆ, ಇದರಲ್ಲಿ ಆ ಕಾಟವಿಲ್ಲ, ಬೆಳಿಗ್ಗೆ ಹಾಕಿದರೆ ಮಲಗುವವರೆಗೆ ಚಾಲೂ, ಹಳೆಯದನ್ನು ಇಲ್ಲೇ ಬಿಟ್ಟು ಹೋಗಿ, ಇನ್ನೊಂದು ಮಗು ಕಾಯುತ್ತಿದೆ. ನಾನು ಇವರ ಕಡೆ ತಿರುಗಿ ಏನು ಮಾಡೋಣ ರೀ ಅಂದೆ, ಶಾಮಲಾಳ ಹೆಬ್ಬೆರಳು ಎದೆಯ ಮೇಲೆ ಹೋಯಿತು, ಪೆಟ್ಟಿಗೆ ಇಲ್ಲದ ಬರಿಯ ಫ್ರಾಕಿನ ಮೇಲೆ ಹುಡುಕಾಡಿತು, ಅಲ್ಲೇ ಉಜ್ಜಿಕೊಂಡಿತು, ನೋಡಿ, ಅಭ್ಯಾಸ, ಅಂತ ದಾಮ್ಲೆ ನಕ್ಕ, ನಾನೂ ನಕ್ಕೆ.

ಹುರುಳಿಕಾಯಿ ಮುಗಿಯಿತು, ಕೊಬ್ಬರಿ ತುರಿಯಬೇಕು, ಒಳಕೋಣೆಯಲ್ಲಿ ಅತ್ತೆಯ ಗೊರಕೆ ನಿಂತಿದೆ, ಎದ್ದಿದ್ದಾರೆ. ವಿಚಿತ್ರ ಅಂದರೆ ಹೊಸದು ಬೇಕು ಅಂತ ಹಟ ಹಿಡಿದಿರುವುದು ಸುಬ್ಬಲಕ್ಷ್ಮಿಯಮ್ಮನವರೇ, ನನ್ನ ಅತ್ತೆ, ಯಾಕೆಂದರೆ ಭಾನುವಾರ ವಡಾಲದಿಂದ ನಮ್ಮ ನಾದಿನಿ ಸರಸ್ವತಿಯನ್ನು ನೋಡುವುದಕ್ಕೆ ಬರುತ್ತಾರೆ, ಹೋದ ಸಲ ದಹಿಸರ್‌ನವರು ಬಂದಾಗ ಇವಳನ್ನು ಕೆಳಗೆ ನಾಗವ್ವನ ಮನೆಯಲ್ಲಿ ಕೂರಿಸಿದ್ದೆವು, ನೀರು ಕುಡಿಯುವುದಕ್ಕೆಂದು ಮೇಲೆ ಬಂದುಬಿಟ್ಟಳು, ಎದೆಯ ಮೇಲೆ ಪೆಟ್ಟಿಗೆ, ಹುಡುಗನ ತಾಯಿ ಉಪ್ಪಿಟ್ಟಿನ ಚಮಚ ಕೆಳಗಿಟ್ಟು ಇದು ವಂಶದಲ್ಲೇ ಬಂದಿದ್ದಾ ಅಂದರು, ಮುಗಿಯಿತು. ಅವರು ಮೆಟ್ಟಿಲಿಳಿಯುವುದನ್ನೂ ಕಾಯದೆ ಅತ್ತೆ ಇವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ತಲೆ ನೇವರಿಸುತ್ತಾ, ನಗುನಗುತ್ತಾ, ಆ ಜ್ವರದಲ್ಲೇ ಹೋಗಿಬಿಟ್ಟಿದ್ರೆ ಏನಾಗ್ತಿತ್ತೇ ಪೀಡೆ ನಿಂಗೆ, ಎಲ್ಲರೂ ಒಂದು ದಿನ ಅತ್ತು ಮೈ ತೊಳ್ಕೊತಿದ್ವಿ, ಅಂದರು. ನಗುನಗುತ್ತಾ ಅನ್ನುವುದನ್ನು ನಾನೇ ಬೇಡಿಕೊಂಡದ್ದು, ಅವಳು ಮುಖ ನೋಡಿ ತಿಳಿದುಕೊಳ್ಳುತ್ತಾಳೆ ಅತ್ತೆ, ಹುಬ್ಬು ಗಂಟಿಕ್ಕಬೇಡಿ, ಏನಾದರೂ ಅನ್ನಿ, ನಗುತ್ತಾ ಅನ್ನಿ, ಮಾತು ಹೇಗೂ ತಿಳಿಯಲ್ಲ. ಹೇಗೆ ತಿಳಿಯುತ್ತದೆ, ಕನ್ನಡ ಅವಳಿಗೆ ಹೇಳಿಕೊಟ್ಟಿಲ್ಲವಲ್ಲ, ಕಿವಿ ಕೇಳದ ಮಗುವಿಗೆ ಎರಡು ಭಾಷೆ ಕೊಟ್ಟರೆ ಎರಡೂ ಬರುವುದಿಲ್ಲ ಅಂತ ಶಾಲೆಯ ಟೀಚರು ಹೇಳಿದ ದಿನದಿಂದ ಅವಳ ಮುಂದೆ ಹಿಂದಿ, ಹಾಲು ಅನ್ನುತ್ತಿದ್ದ ಬಾಯಿಯಿಂದ ಹಾಲು ಕಿತ್ತು ದೂಧ್ ಇಟ್ಟೆ, ಅಮ್ಮ ಕಿತ್ತು ಮಮ್ಮಿ ಇಟ್ಟೆ, ಲಾಲಿ ಕೂಡ ಹಿಂದಿಯಲ್ಲಿ ಕಟ್ಟಿದೆ, ಪ್ರಾಸ ಕೂಡುತ್ತಿರಲಿಲ್ಲ. ಕನ್ನಡ ನಮ್ಮ ನಮ್ಮಲ್ಲಿ. ಹಾಗಾಗಿ ಮನೆಯಲ್ಲಿ ಗುಟ್ಟಿನ ಮಾತಿಗೆ ಕೋಣೆ ಬೇಕಾಗಲಿಲ್ಲ, ಅವಳ ತಟ್ಟೆಗೆ ಅನ್ನ ಬಡಿಸುತ್ತಲೇ ಅವಳ ತಿಥಿಯ ಮಾತಾಡಬಹುದಾಗಿತ್ತು, ಸರಸ್ವತಿ ಅವಳ ಜಡೆ ಹೆಣೆಯುತ್ತಾ ಅಳುತ್ತಾಳೆ, ಇವಳು ಇರೋವರೆಗೂ ನನಗೆ ಮದುವೆ ಇಲ್ಲ ಅತ್ತಿಗೆ, ಇವರು ಪೇಪರ್ ಹಿಂದಿನಿಂದ ಯಾವುದಾದರೂ ಹಾಸ್ಟೆಲ್ ನೋಡಬೇಕು ಅನ್ನುತ್ತಾರೆ, ನಾನು ಸಮಾಧಾನಕ್ಕೆಂದು ಹೋಗಲಿ ಬಿಡಿ, ಅವಳಿಗೇನು ಕೇಳಿಸತ್ತಾ ಅನ್ನುತ್ತೇನೆ. ಇದು ಯಾರಿಗೂ ಹೇಳಲಾಗದ ನನ್ನ ಕಾರಣ, ಹೊಸದು ಬಂದರೆ ಬಳೆ ಕೇಳಿಸುತ್ತದೆ, ಈ ಮನೆಯವರ ಮಾತೂ ಕೇಳಿಸುತ್ತದೆ, ದಿನಾ ಕೇಳಿದರೆ ಯಾವ ಭಾಷೆ ಎಷ್ಟು ದಿನ ಅರ್ಥವಾಗದೆ ಉಳಿದೀತು, ಮೊದಲು ಕಲಿಯುವ ಕನ್ನಡದ ಮಾತು ಯಾವುದಾದೀತು.

ಏನು ತೀರ್ಮಾನ ಮಾಡಿದೆಯೇ, ಅತ್ತೆ ಬಂದು ಹಾಲ್‌ನ ಕುರ್ಚಿಯಲ್ಲಿ ಕೂತರು, ಎಲೆಯಡಿಕೆ ತಟ್ಟೆ ತೊಡೆಯ ಮೇಲೆ, ಕಾಫಿಗಿಡು, ಭಾನುವಾರಕ್ಕೆ ಮುಂಚೆ ಆ ಡಬ್ಬ ಇವಳ ಮೈಮೇಲಿಂದ ಇಳೀಬೇಕು, ಕೂದಲು ಬಿಟ್ಟು ರಿಬ್ಬನ್ ಕಟ್ಟು, ಗಂಡಿನವರ ಮುಂದೆ ತಟ್ಟೆ ಹಿಡಿದು ನಿಲ್ಲಿಸಬಹುದು, ಬಾಯಿ ಬಿಡದಿದ್ದರೆ ಸಾಕು. ಕಾಫಿ ಡಿಕಾಕ್ಷನ್ನಿಗೆ ನೀರು ಹಾಕುತ್ತಾ ನೋಡುತ್ತಿದ್ದೆ, ಯಾವಾಗಲೂ ಅವಳ ಮುಖ ನೋಡುತ್ತೇನೆ, ನೋವಾಯಿತೇ ಅಂತ, ಆ ಮುಖ ಯಾವಾಗಲೂ ತೊಳೆದ ತಟ್ಟೆಯ ಹಾಗೆ, ಇವತ್ತು ಯಾಕೋ ಕೈ ನೋಡಿದೆ. ಅತ್ತೆ ಏ ಶಾಮಲಾ, ಇಧರ್ ಆ, ಅಂದರು, ಹೆಬ್ಬೆರಳು ಚಕ್ರವನ್ನು ಏರಿಸಿತು, ಅವಳು ಎದ್ದು ಹೋಗಿ ಮುಂದೆ ನಿಂತಳು, ಅತ್ತೆ ಅವಳ ಗಲ್ಲ ಹಿಡಿದು ಬಾಯಿ ತುಂಬ ನಕ್ಕರು, ಬಾಯಿ ಕೆಂಪಗಿತ್ತು, ನೋಡೇ ಇದರ — ಅಷ್ಟೇ, ಎರಡು ಮಾತು, ಹೆಬ್ಬೆರಳು ಚಕ್ರವನ್ನು ಕೊನೆಯವರೆಗೆ ಇಳಿಸಿತು, ಆಮೇಲೆ ಅತ್ತೆ ಹೇಳಿದ್ದೆಲ್ಲ ನನಗೆ ಕೇಳಿಸಿತು, ಅವಳಿಗಲ್ಲ, ಅವಳು ಸುಮ್ಮನೆ ನಿಂತು ಅಜ್ಜಿಯ ನಗುವಿಗೆ ನಗು ಕೊಟ್ಟಳು. ಸೆಲ್ ಉಳಿಸುತ್ತಿದ್ದಾಳೆ, ನಾನು ಕಲಿಸಿದ್ದೇ ಅಲ್ಲವೇ, ಮತ್ತೆ ಇಳಿಸುವಾಗ ಕಣ್ಣು ಯಾಕೆ ಮುಚ್ಚಿಕೊಂಡಳು, ಹಾವು ನೋಡಿದವರ ಹಾಗೆ ಅಷ್ಟು ಅವಸರ ಯಾಕೆ, ಅಜ್ಜಿಯ ಬಾಯಿ ಮುಚ್ಚುವವರೆಗೆ ಬೆರಳು ಅಲ್ಲೇ ಒತ್ತಿ ಹಿಡಿದದ್ದು ಯಾಕೆ, ಬಣ್ಣದ ಪೆನ್ಸಿಲ್ ಹಿಡಿಯುವ ಬೆರಳು, ಉಗುರಿನ ತುದಿ ಬೆಳ್ಳಗಾಗುವಷ್ಟು. ಮೊದಲ ಎರಡು ಮಾತು ಸಾಕು ಅವಳಿಗೆ, ಉಳಿದದ್ದು ಗೊತ್ತು. ಎಂದಿನಿಂದ ಗೊತ್ತು, ಡಿಕಾಕ್ಷನ್ ಉಕ್ಕಿ ಸ್ಟವ್ ಆರಿತು, ಎಂದಿನಿಂದ, ದಹಿಸರ್‌ನವರು ಬಂದ ದಿನ ತೊಡೆಯ ಮೇಲೆ ಕೂತಾಗ ಗೊತ್ತಿತ್ತೇ, ಜಡೆ ಹಾಕಿಸಿಕೊಳ್ಳುವಾಗ ಗೊತ್ತಿತ್ತೇ, ದಾಮ್ಲೆಯ ಮುಚ್ಚಳ, ಪುಟ್ಟ ತಿರುಪು, ಬೆಳಿಗ್ಗೆ ಹಾಕಿದರೆ ಮಲಗುವವರೆಗೆ ಚಾಲೂ, ಅವಳಿಗೆ ಈ ಮನೆಯಲ್ಲಿ ಇದ್ದ ಒಂದೇ ಒಂದು ಕದ ಆ ಚಕ್ರ, ಅದನ್ನು ಕಿತ್ತು ಬದಲಿಗೆ ಬಳೆಯ ಸದ್ದು ಕೊಡಲೇ, ಕೊಡದಿದ್ದರೆ ರೇಡಿಯೋ, ಏ ರೇಡಿಯೋ, ಕೊಡದಿದ್ದರೆ ಕಾಗದ ಅಡ್ಡ ಹಿಡಿದು ಆಡಿದ ಒಂದು ಮಾತೂ ಇಲ್ಲ, ಜನ್ಮವಿಡೀ ಕುಕ್ಕರು, ಬಾಗಿಲು, ರೈಲು. ಬೇಕು. ಬೇಡ.

ಭಾಭೀ, ಫೋನ್ ಆಯಾ, ಮೆಟ್ಟಿಲ ಕೆಳಗಿನಿಂದ ಯಾರೋ ಕೂಗಿದರು, ಸೆರಗಿಗೆ ಕೈ ಒರೆಸಿಕೊಂಡೆ, ಅತ್ತೆಯ ಹತ್ತಿರ ಬಿಟ್ಟು ಹೋಗಲು ಮನಸ್ಸಾಗದೆ ಅವಳ ಕೈ ಹಿಡಿದು ಇಳಿದೆ, ಚೀಲದೊಳಗೆ ಪೆಟ್ಟಿಗೆ ಪ್ರತಿ ಮೆಟ್ಟಿಲಿಗೂ ಎದೆಗೆ ಬಡಿಯುತ್ತದೆ. ಬೆಳಗಾವಿ ಕಡೆಯ ನಾಗವ್ವ ಬಾಗಿಲಲ್ಲೇ ನಿಂತಿದ್ದರು, ಬರ್ರಿ ಬರ್ರಿ, ನಿಮ್ಮವರು ಕಾಯಾಕತ್ತಾರ, ಅಂದು ಇವಳ ಕಡೆ ಬಗ್ಗಿ, ನಾಗವ್ವನಿಗೆ ಹಿಂದಿ ಮಾತ್ರ ಅನ್ನುವ ಶಾಲೆಯ ನಿಯಮ ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ, ಬಾರವ್ವಾ ನನ್ನ ಬಂಗಾರಾ, ಹಚ್ಚಿದ ಅವಲಕ್ಕಿ ಮಾಡೇನಿ, ತಿಂತಿ? ಬೆರಳು ಚಕ್ರಕ್ಕೆ ಹೋಗಲಿಲ್ಲ. ಹೂಂ ಅಂದಳು, ಅಂಗೈ ಚಾಚಿದಳು. ಕನ್ನಡಕ್ಕೆ. ನಾಗವ್ವ ಬಟ್ಟಲು ತರಲು ಒಳಗೆ ಹೋದರು, ರಿಸೀವರ್ ಮೇಜಿನ ಮೇಲೆ ಮಗುಚಿ ಮಲಗಿತ್ತು, ಒಳಗಿನಿಂದ ಹಲೋ ಹಲೋ ಅನ್ನುವ ಇವರ ಧ್ವನಿ ಡಬ್ಬಿಯಲ್ಲಿ ಸಿಕ್ಕ ಜೀರುಂಡೆಯ ಹಾಗೆ, ಎತ್ತಿ ಕಿವಿಗಿಟ್ಟುಕೊಂಡೆ, ಹೇಳು ಬೇಗ, ದಾಮ್ಲೆ ಅಂಗಡಿ ಮುಚ್ಚೋದ್ರೊಳಗೆ ಹೋಗ್ಬೇಕು, ಬೇಕೋ ಬೇಡವೋ, ಅವಳು ಅಂಗೈ ಚಾಚಿಕೊಂಡೇ ನನ್ನನ್ನು ನೋಡುತ್ತಿದ್ದಾಳೆ, ನನ್ನ ತುಟಿಯನ್ನು, ಹೇಳೇ, ನಾನು ಬಾಯಿ ತೆರೆದೆ, ರೀ ಅಂದೆ, ಅವಳ ಇನ್ನೊಂದು ಕೈ ಮೇಲೆ ಬಂತು, ಅವಸರವಿಲ್ಲದೆ, ಹೆಬ್ಬೆರಳು ಚಕ್ರದ ಮೇಲೆ, ಕೊನೆಯವರೆಗೆ, ಉಗುರಿನ ತುದಿ ಬೆಳ್ಳಗೆ, ಮತ್ತೆ ನನ್ನನ್ನು ನೋಡಿ ನಕ್ಕಳು, ಅಜ್ಜಿಗೆ ಕೊಟ್ಟಳಲ್ಲ, ಅದೇ ನಗು, ಹೆಬ್ಬೆರಳು ಚಕ್ರದ ಮೇಲೆ —