ಮಂಡಳಿ ನೋಡುವ ಮುಖ

ಮಗಳು ಜಸಿಯಾರಾಳನ್ನು ಕಾಲೇಜು ಸೀಟಿನ ಮಂಡಳಿಯ ಮುಂದೆ ನಿಲ್ಲಿಸುವ ದಿನ ದಿನಾಲ್ವಾ ಅವಳ ಕೂದಲಿಗೆ ಔಷಧಿ ಹಚ್ಚಿ, ಕಾದ ಇಕ್ಕಳದಲ್ಲಿ ಎಳೆದೆಳೆದು ನೇರ ಮಾಡಿದ್ದಳು. ಮುಖಕ್ಕೆ ತಿಳಿ ಪೌಡರನ್ನೂ ಹಚ್ಚಿದ್ದಳು. ಬ್ರೆಜಿಲಿನ ಸಲ್ವಾಡೋರ್ ಊರಿನ ಅವಳ ಬೀದಿಯಲ್ಲಿ ಯಾವ ತಾಯಿಯಾದರೂ ಮಾಡುತ್ತಿದ್ದದ್ದು ಅದನ್ನೇ. ಗುಂಗುರು ಕೆದರಿಕೊಂಡು ಕಚೇರಿಗೆ ಹೋದವರಿಗೆ ಕಾವಲುಗಾರನೂ ಕುರ್ಚಿ ತೋರಿಸುವುದಿಲ್ಲ. ಆ ಪಾಠದ ಮೇಲೇ ದಿನಾಲ್ವಾಳ ಮನೆಮುಂದಿನ ಸಲೂನು ನಡೆಯುತ್ತಿತ್ತು.

ಆದರೆ ಜಸಿಯಾರಾ ಕೇಳಿದ್ದು ಕಪ್ಪು, ಕಂದು ಬಣ್ಣದವರಿಗೆ ಮೀಸಲಾದ ಸೀಟು; ಕೇಳಿದವರು ನಿಜಕ್ಕೂ ಆ ಬಣ್ಣದವರೇ ಎಂದು ಮುಖ ನೋಡಿ ಹೇಳುವುದೇ ಮಂಡಳಿಯ ಕೆಲಸ. ಮಂಡಳಿಯವರು ಜಸಿಯಾರಾಳನ್ನು ಕ್ಯಾಮೆರಾದಲ್ಲಿ ಹಿಡಿದು, ನೋಡಿ, ಈ ಹುಡುಗಿ ಬಿಳಿಯಳು ಎಂದು ಬರೆದುಬಿಟ್ಟರು.

ಕೋರ್ಟು ಆ ತೀರ್ಮಾನಕ್ಕೆ ತಡೆಯಾಜ್ಞೆ ಕೊಟ್ಟಿತು. ಆ ನೆರಳಲ್ಲೇ ಜಸಿಯಾರಾ ದಂತವೈದ್ಯ ಓದುತ್ತಾ ಬಂದು, ರೋಗಿಗಳ ಬಾಯಿಗೆ ಕೈಹಾಕುವ ವರ್ಷ ಮುಟ್ಟಿದಳು. ಈಗ ಮೇಲಿನ ಕೋರ್ಟು ಆಜ್ಞೆ ತೆಗೆದುಹಾಕಿತ್ತು. ಮಂಡಳಿ ಇನ್ನೊಂದು ಸಲ ಅವಳನ್ನು ನೋಡಲಿ, ಅದೇ ಕೊನೆ ಎಂದಿತ್ತು.

ದಿನಾಲ್ವಾ ತಮ್ಮ ಕೇಸು ನಡೆಸುತ್ತಿದ್ದ, ಬಡವರಿಗೆ ಸರ್ಕಾರ ಕೊಡುವ ವಕೀಲ ಎವೆರಾಲ್ದುವಿನ ಹತ್ತಿರ ಓಡಿದಳು.

"ವಕೀಲ್ರೇ, ನಮ್ಮಮ್ಮನ ಫೋಟೋ ತಂದಿದೀನಿ. ಹಂಡೆ ತಳ ಇದ್ದಂಗಿದ್ಲು."

"ಸೀಟು ಕೇಳ್ತಿರೋದು ಅಜ್ಜಿ ಅಲ್ವಲ್ಲ ದಿನಾಲ್ವಮ್ಮ. ಅವರು ನೋಡೋದು ಎದುರಿಗಿರೋ ಮುಖ. ವಂಶ ಅಲ್ಲ."

"ಹಂಗಾದ್ರೆ ಆ ನೇರ ಕೂದ್ಲು ಕತ್ತರಿಸಿ ಹಾಕ್ಲಾ? ಬುಡದಲ್ಲಿ ಗುಂಗುರೇ ಬರ್ತಿದೆ."

"ಹಳೇ ವಿಡಿಯೋ ಪಕ್ಕದಲ್ಲಿಟ್ಕೊಂಡೇ ಕೂರ್ತಾರೆ. ವೇಷ ಬದಲಾಯ್ಸಿದಾಳೆ ಅಂತಾರೆ."

"ಕತ್ತರಿಸದೆ ಹೋದ್ರೆ?"

ವಕೀಲ ಮಂಡಳಿಯ ಹಳೇ ಹಾಳೆ ತೆಗೆದು, ಬಿಳಿಯಳು ಎಂದು ಬರೆದಿದ್ದ ಕಡೆ ಬೆರಳಿಟ್ಟ.

ಮನೆಗೆ ಬಂದರೆ ಜಸಿಯಾರಾ ಸಲೂನಿನ ಕನ್ನಡಿ ಮುಂದೆ ಕತ್ತರಿ ಹಿಡಿದು ಕೂತಿದ್ದಳು. ಅರ್ಧ ತಲೆಯಲ್ಲಿ ಆಗಲೇ ಬುಡದ ಗುಂಗುರಷ್ಟೇ ಉಳಿದಿತ್ತು.

"ಕೊಡು ಮಗಳೇ, ಹಿಂದುಗಡೆ ಏರುಪೇರಾಗುತ್ತೆ."

"ಬೇಡಮ್ಮ. ನಿನ್ ಕೈಗೆ ಕೊಟ್ರೆ ಈ ಸಲ ಸ್ವೀಡನ್ ರಾಣಿ ಮಾಡಿ ಕಳಿಸ್ತೀಯ."

ದಿನಾಲ್ವಾಗೆ ನಗು ಬಂತು. ಜಗತ್ತಿನ ತಲೆಗಳನ್ನೆಲ್ಲ ಬಾಚಿದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಏಪ್ರನ್ನಿನ ಜೇಬಿಗೆ ತುರುಕಿಕೊಂಡಳು.

ಮಾರನೆಯ ದಿನ ಮಂಡಳಿಯ ಕೋಣೆಯ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಹೊರಗೆ ನಿಂತ ದಿನಾಲ್ವಾಗೆ ಒಳಗಿನ ಮಾತು ಕೇಳುತ್ತಿತ್ತು. ಅಧ್ಯಕ್ಷೆ ಸಣ್ಣ ಜಡೆಗಳ ಕರಿ ಹೆಂಗಸು, ಮೆಲುದನಿಯವಳು.

"ಕೂದಲು ಇವತ್ತಿಗೋಸ್ಕರ ತೆಗೆಸಿದ್ದಾ ಮಗು?"

"ಹೌದು ಮೇಡಂ. ಅವತ್ತು ನೇರ ಮಾಡಿದ್ದೂ ನಿಮಗೋಸ್ಕರಾನೇ."

ದಿನಾಲ್ವಾ ಬಾಗಿಲು ತಳ್ಳಿ, ನನ್ನ ಮುಖ ನೋಡಿ, ಅವಳ ಕೂದಲು ನೇರ ಮಾಡಿದ ನನ್ನ ಕೈ ನೋಡಿ ಎನ್ನಬೇಕೆಂದುಕೊಂಡಳು. ಕಾಲು ಏಳಲಿಲ್ಲ. ಕಚೇರಿಯಲ್ಲಿ ಕರೆಯದೆ ಒಳಗೆ ಹೋಗಬಾರದೆಂದು ಕಲಿತ ಕಾಲು ಅದು.

ಮಧ್ಯಾಹ್ನ ಬಾಗಿಲಿಗೆ ಹಾಳೆ ಅಂಟಿಸಿದರು. ಬಹುಮತದಿಂದ, ಇಲ್ಲ. ಅಧ್ಯಕ್ಷೆ ಹೊರಬಂದಾಗ ಅವಳ ಕಣ್ಣುಗಳು ಕೆಂಪಗಿದ್ದವು. ಹೌದು ಎಂದ ಅವಳ ಒಂದು ಮತ ಸಾಲದಾಗಿತ್ತು.

ಜಸಿಯಾರಾ ಅಳಲಿಲ್ಲ. ನೆಟ್ಟಗೆ ಕಾಲೇಜಿನ ದಂತ ಚಿಕಿತ್ಸಾಲಯದ ಗೇಟಿಗೆ ನಡೆದಳು. ದಿನಾಲ್ವಾ ಹಿಂದೆ ಹಿಂದೆ ಓಡಿದಳು.

"ಗೇಟಿನ ಮಿಷನ್ನು ನಿಮ್ ಕಾರ್ಡು ತಗೋತಿಲ್ಲ ಡಾಕ್ಟ್ರಮ್ಮ," ಎಂದ ಕಾವಲುಗಾರ ನೆಲ ನೋಡುತ್ತ. "ನನ್ನ ಬೈಕೋಬೇಡಿ."

ಜಸಿಯಾರಾ ಬೇಲಿಯ ಸಂದಿನಿಂದ ಜೊತೆಯಲ್ಲಿ ಓದುವ ಗೆಳತಿ ನೈಲ್ಮಾಳನ್ನು ಕೂಗಿದಳು.

"ನನ್ನ ಪೇಶೆಂಟು ಸೆವೆರಿನೋ ತಾತ ಬಂದಿರ್ತಾರೆ, ನೀನೇ ನೋಡ್ಕೊ. ರೂಟ್ ಕೆನಾಲ್ ಅರ್ಧ ಆಗಿದೆ, ಎಡಗಡೆ ಕೆಳಗಿನ ಹಲ್ಲು. ಸೂಜಿ ಕಂಡ್ರೆ ಹೆದರ್ತಾರೆ. ಮೊಮ್ಮಕ್ಕಳ ವಿಷ್ಯ ಎತ್ತು, ಮಾತಾಡ್ತಾ ಇರೋವಾಗ್ಲೇ ಹಾಕ್ಬಿಡು."

"ನೀನೆಲ್ಲಿ ಅಂತ ಕೇಳಿದ್ರೆ?"

"ಮುಂದಿನ ವಾರ ಬರ್ತಾಳೆ ಅನ್ನು."

ಅಲ್ಲಿಯವರೆಗೆ ಅಳು ತಡೆದುಕೊಂಡಿದ್ದ ದಿನಾಲ್ವಾ ಎರಡೂ ಕೈಯಲ್ಲಿ ಬೇಲಿ ಹಿಡಿದುಕೊಂಡಳು.