ಫೋಟೋದಲ್ಲಿದ್ದ ಹಾಗೆ

ಶವಪೆಟ್ಟಿಗೆಯ ಗಾಜಿನ ಮೇಲೆ ಕೂತಿದ್ದ, ಸುಟ್ಟ ಕಬ್ಬಿನ ಗದ್ದೆಯಿಂದ ಹಾರಿಬಂದ ಬೂದಿಯನ್ನು ಒರೆಸುತ್ತಿದ್ದ ನಿದಿಯಾಳ ಕೈ ನಡುವೆಯೇ ನಿಂತುಬಿಟ್ಟಿತು. ಒಳಗಿದ್ದ ಮುಖ ಯೊಲಿಮಾಳದೇ. ಗಲ್ಲದ ಮೇಲಿನ ಮಚ್ಚೆ, ಎಡಕ್ಕೆ ಸ್ವಲ್ಪ ಸೊಟ್ಟಗಿದ್ದ ಮೂಗು, ಎಲ್ಲವೂ ಅವಳದೇ. ಕುತ್ತಿಗೆಯಿಂದ ಕೆಳಗೆ ಮಾತ್ರ ಬೇರೆ ಯಾರನ್ನೋ ತಂದು ಮಲಗಿಸಿದಂತಿತ್ತು. ಹಸಿರು ಸ್ಯಾಟಿನ್ ಉಡುಪಿನೊಳಗೆ ಎದೆ ಉಬ್ಬಿ ನಿಂತಿತ್ತು.

ಯೊಲಿಮಾಗೆ ಆ ಎದೆ ಇಲ್ಲದೆ ಮೂರು ವರ್ಷವಾಗಿತ್ತು. ಅದು ನಿದಿಯಾಗೆ ಗೊತ್ತಿದ್ದಷ್ಟು ಇನ್ನಾರಿಗೂ ಗೊತ್ತಿರಲಿಲ್ಲ.

ಬಾಗಿಲ ಬಳಿ ಅಲಂಕಾರದವಳು ನಿಂತಿದ್ದಳು. ಪಾಲ್ಮಿರಾ ಊರಿನ ಈ ಶವಾಗಾರದಲ್ಲಿ ಸತ್ತವರಿಗೆ ಸ್ನಾನ ಮಾಡಿಸಿ, ಬಟ್ಟೆ ತೊಡಿಸಿ, ಬಣ್ಣ ಹಚ್ಚುವುದು ಅವಳ ಕೆಲಸ. ಹೆಸರು ಮಿರ್ತಾ.

"ಯಾಕಮ್ಮ, ಚೆನ್ನಾಗಿ ಬಂದಿಲ್ವಾ?" ಎಂದಳು ಮಿರ್ತಾ.

"ಎದೇಲಿ ಏನಿಟ್ಟಿದ್ದೀರಿ?"

"ಹತ್ತಿ. ಉಡುಪು ಜೋಲುಬಿದ್ದು ಒಂಥರಾ ಕಾಣ್ತಿತ್ತು. ಇವರ ತಂಗಿ ಒಂದು ಫೋಟೋ ಕೊಟ್ರು, ಅದರಲ್ಲಿದ್ದ ಹಾಗೇ ಮಾಡ್ದೆ. ಖಾಯಿಲೆ ಬಿದ್ದು ಸೊರಗಿದ್ರೇನೋ ಅಂದ್ಕೊಂಡೆ, ಪಾಪ."

ಮಿರ್ತಾಳನ್ನು ಬೈಯುವ ಹಾಗೂ ಇರಲಿಲ್ಲ. ಹದಿನೈದು ತುಂಬಿದ ಹುಡುಗಿಗೆ ಉಡುಗೊರೆಯಾಗಿ ಪ್ರವಾಸ ಬೇಕೋ, ಎದೆ ಉಬ್ಬಿಸುವ ಆಪರೇಷನ್ ಬೇಕೋ ಎಂದು ಕೇಳುವ ಮನೆಗಳಿರುವ ಕಣಿವೆ ಇದು. ಇಲ್ಲಿ ಹೆಣ್ಣನ್ನು ಸಪಾಟು ಎದೆಯಲ್ಲಿ ಮಣ್ಣಿಗೆ ಕಳಿಸಲು ಯಾವ ಒಳ್ಳೆಯ ಕೈಗೆ ತಾನೇ ಮನಸ್ಸು ಬಂದೀತು? ಹಿಂದಿನ ದಿನ ಬೆಳಿಗ್ಗೆ ತನ್ನ ಅಂಗಡಿಯಲ್ಲಿ ಕುಸಿದುಬಿದ್ದ ಯೊಲಿಮಾ ಆಸ್ಪತ್ರೆ ಸೇರುವ ಮೊದಲೇ ಹೋಗಿಬಿಟ್ಟಿದ್ದಳು. ಮೆದುಳಿನ ನರ ಒಡೆದಿತ್ತಂತೆ. ನಲವತ್ತೊಂಬತ್ತು ವಯಸ್ಸು. ಹೀಗೇ ಹೋಗಬೇಕು ಎಂದು ಹೇಳಿ ಹೋಗಲು ಅವಳಿಗೆ ಪುರುಸೊತ್ತೆಲ್ಲಿತ್ತು?

ಮೂರು ಗಂಟೆಗೆ ಮುಚ್ಚಳಕ್ಕೆ ತಿರುಪು ಬೀಳುತ್ತದೆ, ಆಮೇಲೆ ಚರ್ಚು, ಆಮೇಲೆ ಮಣ್ಣು. ಆಗಲೇ ಒಂದೂವರೆಯಾಗಿತ್ತು.

*

ಮೂರು ವರ್ಷದ ಹಿಂದೆ ಯೊಲಿಮಾ ಕಂಕುಳಲ್ಲಿ ತನ್ನದೇ ದಿಂಬೊಂದನ್ನು ಅವಚಿಕೊಂಡು ಕಾಲಿ ನಗರದ ನಿದಿಯಾಳ ಮನೆಗೆ ಬಂದಿದ್ದಳು. ಹಿಂದೆ ಆಸ್ಪತ್ರೆಯಲ್ಲಿ ನರ್ಸ್ ಸಹಾಯಕಿಯಾಗಿದ್ದ ನಿದಿಯಾ, ಸೌಂದರ್ಯದ ಆಪರೇಷನ್ ಮಾಡಿಸಿಕೊಂಡವರನ್ನು ಹತ್ತು ಹನ್ನೆರಡು ದಿನ ಇಟ್ಟುಕೊಂಡು ಆರೈಕೆ ಮಾಡುತ್ತಿದ್ದಳು.

"ನಿಮ್ದು ಎದೆಗೆ ಸಿಲಿಕೋನ್ ಹಾಕ್ಸೋದಾ, ಬದಲಾಯ್ಸೋದಾ?"

"ತೆಗ್ಸೋದು."

"ತೆಗೆದು?"

"ತೆಗೆದು ಹೊಲಿಯೋದು, ಅಷ್ಟೇ. ಇಪ್ಪತ್ತಮೂರು ವರ್ಷ ಬಾಡಿಗೆದಾರರನ್ನ ಇಟ್ಕೊಂಡಿದ್ದು ಸಾಕು ಕಣ್ರೀ. ಎಡಗಡೇದು ಕಲ್ಲಾಗಿದೆ, ಬಲಗಡೇದು ಒಳಗೇ ಹರಿದಿದೆಯಂತೆ. ಪಕ್ಕಕ್ಕೆ ಹೊರಳೋಕೂ ಆಗಲ್ಲ."

ಮಾರನೆಯ ದಿನ ಮೂರು ಗಂಟೆ ಹಿಡಿದ ಆಪರೇಷನ್. ಸಿಲಿಕೋನ್ ಚೀಲಗಳ ಜೊತೆಗೆ ಅವುಗಳ ಸುತ್ತ ಮೈ ತಾನೇ ಹೆಣೆದುಕೊಂಡಿದ್ದ ಗಟ್ಟಿ ಪೊರೆಯನ್ನೂ ತೆಗೆದರು. ಸಂಜೆ ಮನೆಗೆ ಬಂದಾಗ ಎದೆಗೆ ಬಿಗಿ ಪಟ್ಟಿ, ಎರಡೂ ಪಕ್ಕೆಯಿಂದ ಇಳಿಬಿದ್ದ ಸಣ್ಣ ಕೊಳವೆ, ಅದರ ತುದಿಯಲ್ಲಿ ರಸ ತುಂಬುವ ಮೆತ್ತನೆಯ ಡಬ್ಬಿ. ನಿದಿಯಾ ಬೆಳಿಗ್ಗೆ ಸಂಜೆ ಅದನ್ನು ಖಾಲಿ ಮಾಡುತ್ತಿದ್ದಳು. ಮೊದಲು ರಕ್ತದ ಬಣ್ಣ, ನಾಲ್ಕನೆಯ ದಿನಕ್ಕೆ ಕಲ್ಲಂಗಡಿ ತೊಳೆದ ನೀರಿನ ಬಣ್ಣ. ಆರನೆಯ ದಿನ ಡಾಕ್ಟರು ಕೊಳವೆ ಎಳೆದರು. ದಿಂಬಿಗೆ ಒರಗಿ ಅಂಗಾತ ಮಲಗಬೇಕು, ಕೈ ಭುಜಕ್ಕಿಂತ ಮೇಲೆ ಎತ್ತುವಂತಿಲ್ಲ, ನೀರಿನ ಚೊಂಬೂ ಭಾರವೇ. ತಲೆಗೆ ನೀರು ಹಾಕಿದ್ದು, ಸೂಪು ಕುಡಿಸಿದ್ದು, ಒಳಉಡುಪು ಏರಿಸಿದ್ದು ಎಲ್ಲ ನಿದಿಯಾಳೇ.

ಯೊಲಿಮಾ ಫೋನನ್ನು ತೊಡೆಯ ಮೇಲೇ ಇಟ್ಟುಕೊಂಡಿರುತ್ತಿದ್ದಳು. ತಂಗಿ ಅರಾಸೆಲಿಯ ಊರು ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ಹಾದಿ. ಹನ್ನೊಂದು ದಿನದಲ್ಲಿ ಅವಳು ಬರಲಿಲ್ಲ, ಫೋನೂ ಮಾಡಲಿಲ್ಲ.

ಎಂಟನೆಯ ದಿನ ಕನ್ನಡಿ. ಪಟ್ಟಿ ಬಿಚ್ಚಿದಾಗ ಚರ್ಮ ಸುಕ್ಕುಗಟ್ಟಿ ಒಳಗೆ ಕುಸಿದಿತ್ತು, ಕೆಳಗೆರಡು ಕೆಂಪು ಗೀರು.

"ಅಯ್ಯೋ, ನಾನೇನು ಮಾಡ್ಕೊಂಡೆ ನಿದಿಯಾ!"

"ಇವತ್ತು ಅಳ್ರೀ, ಎಲ್ರೂ ಅಳ್ತಾರೆ. ಆದ್ರೆ ಇವತ್ತೇ ತೀರ್ಪು ಕೊಡ್ಬೇಡಿ. ಮೂರ್ನಾಲ್ಕು ತಿಂಗಳಲ್ಲಿ ಚರ್ಮ ತನ್ನ ಜಾಗ ಹುಡುಕ್ಕೊಳ್ಳುತ್ತೆ. ಜೋಮು ಬಿಡೋಕೆ ಇನ್ನೂ ನಿಧಾನ ಆಗುತ್ತೆ."

ನಾಲ್ಕು ತಿಂಗಳಾದ ಮೇಲೆ ಒಂದು ಮುಂಜಾನೆ ಫೋನು ಬಂತು. "ಬೋರಲು ಮಲಗಿದ್ದೆ ಕಣೇ!" ಯೊಲಿಮಾ ಕಿರುಚುತ್ತಿದ್ದಳು. "ರಾತ್ರಿಯೆಲ್ಲ ಬೋರಲು! ಇಪ್ಪತ್ತಮೂರು ವರ್ಷ ಆಗಿತ್ತು ಕಣೇ!"

ನಿದಿಯಾಳ ಮಂಚದಲ್ಲಿ ಎಷ್ಟೋ ಹೆಂಗಸರು ನರಳಿ, ಗುಣವಾಗಿ, ಅಪ್ಪಿಕೊಂಡು ಹೊರಟುಹೋಗಿದ್ದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ತಿರುಗಿ ಬಂದವಳು ಯೊಲಿಮಾ ಒಬ್ಬಳೇ. ಪ್ರತಿ ಗುರುವಾರ ಅಂಗಡಿ ಮುಚ್ಚಿ ನೇರ ನಿದಿಯಾಳ ಅಡುಗೆಮನೆಗೆ ಬಂದು, ತೊಟ್ಟಿದ್ದ ಗಂಡಸರ ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡು, ಬಾಳೆಕಾಯಿ ಬೇಯುವ ತನಕ ಊರ ಮಾತೆಲ್ಲ ಆಡುತ್ತಿದ್ದಳು. ನಿದಿಯಾಳ ವಾರಕ್ಕೆ ಇದ್ದದ್ದು ಅದೊಂದೇ ದಿನ.

*

ಶವಾಗಾರಕ್ಕೆ ಬಂದವರಿಗೆ ಅರಾಸೆಲಿ ಕರಿಕಾಫಿಯ ಪುಟ್ಟ ಲೋಟಗಳನ್ನು ಹಂಚುತ್ತಿದ್ದಳು. ಊರಲ್ಲಿ ಹೆಣ್ಣುಮಕ್ಕಳ ಒಳಉಡುಪಿನ ಅಂಗಡಿ ಇಟ್ಟವಳು. ಅತ್ತು ಕಣ್ಣು ಊದಿದ್ದರೂ ಬೆನ್ನು ನೆಟ್ಟಗಿತ್ತು.

"ಅರಾಸೆಲಿ, ಆ ಹತ್ತಿ ತೆಗ್ಸಿಬಿಡಿ. ಅವಳು ಹಾಗಿರ್ಲಿಲ್ಲ."

"ನೀವ್ಯಾರು ಹೇಳೋಕೆ? ಹನ್ನೊಂದು ದಿನ ಮಂಚ ಬಾಡಿಗೆ ಕೊಟ್ಟೋರು."

"ಹೌದು. ಆ ಹನ್ನೊಂದು ದಿನ ಅಲ್ಲಿದ್ದೋಳು ನಾನು."

ಮಾತು ತಾಗಿತು. ಅರಾಸೆಲಿ ತಟ್ಟೆ ಕೆಳಗಿಟ್ಟಳು.

"ನಾವಿಬ್ರೂ ಒಟ್ಟಿಗೆ ಹೋಗಿ ಹಾಕಿಸ್ಕೊಂಡಿದ್ದು, ಗೊತ್ತಾ? ಅಕ್ಕಪಕ್ಕದ ಮಂಚ. ನೋವಾದ್ರೆ ಒಬ್ರ ಕೈ ಒಬ್ರು ಹಿಡ್ಕೋತಿದ್ವಿ. ಇವಳು ಹೋಗಿ ತೆಗ್ಸಿ ಬಿಸಾಕಿದ್ಲು. ಹಾಗಾದ್ರೆ ನಾನೇನು? ಪೆದ್ದಿನಾ?" ಅವಳ ಧ್ವನಿ ಸಣ್ಣಗಾಯಿತು. "ಅಮ್ಮಂಗೆ ಇದೊಂದೂ ಗೊತ್ತಿಲ್ಲ. ಇವತ್ತೇ ಗೊತ್ತಾಗ್ಬೇಕಾ? ಚೆಂದ ಇದ್ದ ಹಾಗೇ ಹೋಗ್ಲಿ ಬಿಡಿ."

ನಿದಿಯಾ ಹಿಂದಿನ ಸಾಲಿನ ಕೊನೆಯ ಕುರ್ಚಿಯಲ್ಲಿ ಹೋಗಿ ಕೂತಳು. ಈ ಕೋಣೆಯಲ್ಲಿ ಅವಳಿಗೆ ಯಾವ ನಂಟೂ ಇರಲಿಲ್ಲ, ಹೇಳಿಕೊಳ್ಳಲು ಒಂದು ಹೆಸರೂ ಇರಲಿಲ್ಲ. ಮುಚ್ಚಳ ಬಿದ್ದರೆ, ಕಷ್ಟಪಟ್ಟು ತನ್ನ ಮೈಯನ್ನು ವಾಪಸು ಪಡೆದ ಯೊಲಿಮಾ ಹುಟ್ಟೇ ಇರಲಿಲ್ಲ ಎಂದಾಗುತ್ತದೆ, ಆ ಮೂರು ವರ್ಷದ ಗುರುವಾರಗಳೂ ಇರಲಿಲ್ಲ ಎಂದಾಗುತ್ತದೆ.

"ಎಷ್ಟು ಲಕ್ಷಣವಾಗಿದ್ದಾಳೆ ನೋಡಿ," ಪಕ್ಕದ ಮುದುಕಿ ಪಿಸುಗುಟ್ಟಿದಳು. "ಒಳ್ಳೇ ನಿದ್ದೆ ಮಾಡ್ತಿರೋ ಹಾಗಿದೆ."

"ಅವಳು ಮಲಗೋದು ಬೋರಲು," ಎಂದಳು ನಿದಿಯಾ.

ಮುದುಕಿ ಅವಳ ಮುಖವನ್ನೊಮ್ಮೆ ನೋಡಿ ಕುರ್ಚಿ ಬದಲಾಯಿಸಿದಳು.

ಮೂರಕ್ಕೆ ಕಾಲು ಗಂಟೆ ಇರುವಾಗ ತಾಯಿಯನ್ನು ಕರೆತಂದರು. ಊರೆಲ್ಲ ಗೌರವದಿಂದ ದೋನ್ಯಾ ಓಫಿರ್ ಎಂದು ಕರೆಯುವ ಎಂಬತ್ತರ ಮುದುಕಿ, ಕಣ್ಣು ಮುಕ್ಕಾಲು ಹೋಗಿತ್ತು. ಕೊನೆಯ ಆಶೀರ್ವಾದ ಬೆರಳಿನಿಂದಲೇ ಆಗಬೇಕು, ಗಾಜಿನ ಮೇಲಿಂದ ಆಗುವುದಿಲ್ಲ ಎಂದು ಅವಳು ಹಟ ಹಿಡಿದಾಗ ಮಿರ್ತಾ ಗಾಜನ್ನು ಎತ್ತಿದಳು. ಮಕ್ಕಳು ಹೊಸ್ತಿಲು ದಾಟುವಾಗೆಲ್ಲ ತಾಯಂದಿರು ಮಾಡುವಂತೆ ದೋನ್ಯಾ ಓಫಿರ್ ಹೆಬ್ಬೆರಳಿನಿಂದ ಮಗಳ ಹಣೆಯ ಮೇಲೊಂದು ಶಿಲುಬೆ ಬರೆದಳು. ತುಟಿಯ ಮೇಲೊಂದು. ಮೂರನೆಯದು ಎದೆಯ ಮೇಲೆ. ಅಲ್ಲಿ ಹೆಬ್ಬೆರಳು ಹತ್ತಿಯೊಳಗೆ ಹೂತುಹೋಯಿತು.

"ಇದ್ಯಾರು ತುರುಕಿದ್ದು?"

"ಅಮ್ಮ, ಅದು ಅವಳದ್ದೇ..."

"ಸುಮ್ನಿರೇ. ಈ ಎದೆ ಹೆತ್ತೋಳು ನಾನು." ಮುದುಕಿ ಕೈ ತೆಗೆಯಲಿಲ್ಲ. "ತೆಗ್ಸಿದ ವರ್ಷಾನೇ ಬಚ್ಚಲಲ್ಲಿ ನನ್ನ ಕೈ ಹಿಡ್ದು ಮುಟ್ಟಿಸಿದ್ಲು. ಗಾಯದ ಗೀರೂ ಮುಟ್ಟಿಸಿದ್ಲು. ನಿಂಗೆ ಬೇಜಾರಾಗುತ್ತೆ ಅಂತ ಇಬ್ರೂ ಬಾಯಿ ಹೊಲ್ಕೊಂಡಿದ್ವಿ."

ಅರಾಸೆಲಿಯ ಎರಡೂ ತೋಳು ತಾವಾಗಿಯೇ ಅವಳದೇ ಎದೆಯ ಮೇಲೆ ಅಡ್ಡ ಬಂದವು.

"ನಿದಿಯಾ ಅಂತ ಒಬ್ಳಿರ್ಬೇಕಲ್ಲ," ಎಂದಳು ಮುದುಕಿ. "ಗುರುವಾರ ಆಯ್ತು ಅಂದ್ರೆ ಅದೇ ಹೆಸರು ಇವಳ ಬಾಯಲ್ಲಿ. ಬಂದಿದ್ದಾಳಾ?"

ನಿದಿಯಾ ಎದ್ದು ನಿಂತಳು. ಮುಂದೆ ಹೋಗಿ ಮುದುಕಿಯ ಕೈ ಮುಟ್ಟಿದಳು.

"ನೀನೇನಮ್ಮಾ? ನಿಂಗೆ ಅಭ್ಯಾಸ ಇರೋ ಕೈ. ತೆಗಿ ಮಗಳೇ."

ಮಿರ್ತಾ ಉಡುಪಿನ ಪಕ್ಕದ ಹೊಲಿಗೆ ಬಿಚ್ಚಿಕೊಟ್ಟಳು. ನಿದಿಯಾ ಕೈ ಒಳಗಿಟ್ಟಳು. ಮೈ ತಣ್ಣಗಿತ್ತು. ಹತ್ತಿ ಉಂಡೆಯುಂಡೆಯಾಗಿ ಹೊರಬಂತು, ಮುಗಿಯುವಂತೆಯೇ ಕಾಣಲಿಲ್ಲ. ಕೊನೆಯ ಉಂಡೆಯ ಹಿಂದೆ ಆ ಗೀರು ಅವಳ ಬೆರಳಿಗೆ ಸಿಕ್ಕಿತು. ದಿನಾ ಮದ್ದು ಹಚ್ಚಿದ ಗೀರು, ಈಗ ನೂಲಿನಷ್ಟು ಸಣ್ಣದು. ಎಷ್ಟು ಚೆನ್ನಾಗಿ ಮಾಗಿತ್ತು! ಅಲ್ಲಿಯವರೆಗೆ ತಡೆದುಕೊಂಡಿದ್ದ ನಿದಿಯಾ ಆಗ ಗಟ್ಟಿಯಾಗಿ ಅತ್ತುಬಿಟ್ಟಳು.

ಸ್ಯಾಟಿನ್ ನಿಧಾನವಾಗಿ ಕೆಳಗೆ ಕೂತಿತು. ಅರಾಸೆಲಿ ಬಗ್ಗಿ, ಸಡಿಲವಾದ ಬಟ್ಟೆಯನ್ನು ಎರಡೂ ಪಕ್ಕೆಗೆ ನೆರಿಗೆ ಹಿಡಿದು ಪಿನ್ನು ಚುಚ್ಚಿದಳು. ಎರಡು ಕಡೆಯೂ ಸರಿಸಮ ಬಂತು. ದೋನ್ಯಾ ಓಫಿರ್ ಮೂರನೆಯ ಶಿಲುಬೆ ಬರೆದಳು.

ಆಮೇಲೆ ಎಲ್ಲವೂ ಅವಸರ. ತಿರುಪು, ಹೂವು, ಹೆಗಲು ಕೊಡುವವರ ಕೂಗಾಟ. ಹೊರಗೆ ಬಾಡಿಗೆ ಬಸ್ಸು ಇಂಜಿನ್ ಹಾಕಿಕೊಂಡು ನಿಂತಿತ್ತು. ಮುದುಕಿಯನ್ನು ಇಬ್ಬರು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದರು. ಅರಾಸೆಲಿ ಬಾಗಿಲಲ್ಲಿ ನಿಂತು ಹೆಸರು ಕರೆದು ನೆಂಟರನ್ನು ಹತ್ತಿಸಿದಳು. ಕೊನೆಯ ಹೆಸರು ಮುಗಿದಾಗ ಬಸ್ಸು ತುಂಬಿತ್ತು. ಬಾಗಿಲು ಎಳೆದುಕೊಂಡಳು.

ನಿದಿಯಾ ಕೈತುಂಬ ಆ ಹತ್ತಿ ಹಿಡಿದು ಶವಾಗಾರದ ಮೆಟ್ಟಿಲ ಮೇಲೇ ಉಳಿದಿದ್ದಳು. ಒಳಗಿನಿಂದ ಮಿರ್ತಾ ಕಸದ ಬುಟ್ಟಿ ತಂದು ಮುಂದೆ ಹಿಡಿದಳು.

"ಇದಕ್ಕೆ ಹಾಕಿ, ಅಮ್ಮ."

ನಿದಿಯಾ ತಲೆ ಅಲ್ಲಾಡಿಸಿದಳು. ಹತ್ತಿಯನ್ನು ಎರಡೂ ತೋಳಲ್ಲಿ ಎದೆಗೆ ಅವಚಿಕೊಂಡು ಮೆಟ್ಟಿಲಿಳಿದು, ಬಸ್ಸು ಹೋದ ದಾರಿಯಲ್ಲಿ ಬಿಸಿಲಿಗೆ ನಡೆದಳು.